ಒಂದೇ ಚೀಲದ ಎರಡು ಕಾರ್ಡು

ಎಪ್ಪತ್ತಮೂರು ವರ್ಷದ ಗಾಸ್ಪಾರ್ ಸೈಕಲ್ ತುಳಿದುಕೊಂಡು ಮೂರು ದಿನದ ದಾರಿ ಹೊರಟ ಅಂದರೆ ಕಾಓರ್ ಪಟ್ಟಣದಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಆ ಸೀಮೆಯಲ್ಲಿ ಮುದುಕರು ಸೈಕಲ್ ಮೇಲೆ ಊರೂರು ಸುತ್ತುವುದು ಹೊಸದೇನಲ್ಲ; ಮೊಣಕಾಲು ಕೈಕೊಡುವ ತನಕ ಸುತ್ತುತ್ತಾರೆ, ಆಮೇಲೆ ಸುತ್ತಿದ್ದನ್ನು ಹೇಳಿಕೊಂಡು ಕೂರುತ್ತಾರೆ. ಬೆಳಿಗ್ಗೆ ಬ್ರೆಡ್ ಕೊಳ್ಳುವಾಗ ಅಂಗಡಿಯವಳು ಸವಾರಿ ಎತ್ತ ಕಡೆಗೆ ಅಂತ ಕೇಳಿದಳು. ಮೊಂತ್ರಿಯೊ ಗುಡ್ಡಕ್ಕೆ ಅಂದ. ಅಲ್ಲೇನಿದೆ ಅಂದಿದ್ದಕ್ಕೆ, ಹದಿನೇಳು ವರ್ಷದ ಹಿಂದೆ ಅಲ್ಲಿ ಒಂದು ಮೊಹರು ತಪ್ಪಾಗಿ ಬಿದ್ದಿದೆ, ಅದನ್ನು ರದ್ದು ಮಾಡಿಸಿಕೊಂಡು ಬರಬೇಕು ಅಂದ. ಅವಳು ಹಿಂದೆ ನಿಂತಿದ್ದ ಗಿರಾಕಿಯ ಮುಖ ನೋಡಿದಳು. ಗಾಸ್ಪಾರ್ ಬ್ರೆಡ್ಡನ್ನು ಚೀಲಕ್ಕೆ ತುರುಕಿಕೊಂಡು ಹೊರಟೇಬಿಟ್ಟ.

ಚೀಲದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಇಷ್ಟೂ ರಾಮಾಯಣ ಆ ಚೀಲದಿಂದಲೇ ಆಗಿದ್ದು. ಹ್ಯಾಂಡಲ್ಲಿಗೆ ಮುಂದುಗಡೆ ಕಟ್ಟುವ ಹಸಿರು ಕ್ಯಾನ್ವಾಸಿನ ಚೀಲ, ತೊಗಲಿನ ಪಟ್ಟಿ, ಮುಚ್ಚಳದ ಮೇಲೆ ಅವರ ಸೈಕಲ್ ಸಂಘದ ಹಳದಿ ಹುಂಜದ ಚಿತ್ರ. ಒಳಗಡೆ ಬಲಗಡೆಯ ಜೇಬಿನಲ್ಲಿ, ಮೇಣದ ಬಟ್ಟೆಯಲ್ಲಿ ಸುತ್ತಿದ ಎರಡು ಕಾರ್ಡು. ಒಂದು ಗಾಸ್ಪಾರ್‌ದು. ಇನ್ನೊಂದು ಫಿರ್ಮಾಂ ಲಾಬೋರಿಯದು. ಫಿರ್ಮಾಂ ಸತ್ತು ಆಗಲೇ ಏಳು ತಿಂಗಳಾಗಿತ್ತು.

ಕಾರ್ಡು ಅಂದರೆ ಆ ದೇಶದ ಸೈಕಲ್ ಸುತ್ತಾಟದವರಿಗೆ ಹಿಡಿದಿರುವ ಒಂದು ಹುಚ್ಚು. ಪ್ರಾಂತಕ್ಕೆ ಆರು ಊರು ಅಂತ ಗೊತ್ತು ಮಾಡಿರುತ್ತಾರೆ. ಒಂದರಲ್ಲಿ ಹಳೇ ಕೋಟೆ ಇದ್ದೀತು, ಇನ್ನೊಂದರಲ್ಲಿ ಪಾಳುಬಿದ್ದ ಮಠ. ಸೈಕಲ್ ತುಳಿದೇ ಅಲ್ಲಿಗೆ ಹೋಗಬೇಕು, ಅಲ್ಲಿಯ ಬ್ರೆಡ್ಡಿನಂಗಡಿಯಲ್ಲೋ ಹೋಟೆಲಿನಲ್ಲೋ ಕೇಳಿ ಕಾರ್ಡಿನ ಮನೆಯೊಳಗೆ ಮೊಹರು ಹೊಡೆಸಬೇಕು. ಕಾವಲಿಗೆ ಯಾರೂ ಇಲ್ಲ. ಬಸ್ಸಿನಲ್ಲಿ ಹೋಗಿ ಹೊಡೆಸಿಕೊಂಡು ಬಂದರೂ ಕೇಳುವವರಿಲ್ಲ. ಆರೂ ತುಂಬಿದರೆ ಸಿಗುವುದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಬಿಲ್ಲೆ. ಇಷ್ಟು ಸಣ್ಣದಕ್ಕೆ ಸುಳ್ಳು ಹೇಳಲು ನಾಚಿಕೆಯಾಗಿಯೋ ಏನೋ, ಅವರಲ್ಲಿ ಯಾರೂ ಮೋಸ ಮಾಡುವುದಿಲ್ಲ.

ಗಾಸ್ಪಾರ್ ಅಂಚೆ ಕಚೇರಿಯ ಕಿಟಕಿಯ ಹಿಂದೆ ನಲವತ್ತು ವರ್ಷ ಮೊಹರು ಕುಟ್ಟಿದವನು. ಫಿರ್ಮಾಂ ಕಲ್ಲುಕೆಲಸದವನು, ಹಳೇ ಚರ್ಚುಗಳ ಗೋಡೆ ಬಿರುಕು ಬಿಟ್ಟರೆ ಅವನಿಗೇ ಕರೆ ಬರುತ್ತಿತ್ತು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಭಾನುವಾರ ತಪ್ಪದೆ ಜೊತೆಯಲ್ಲಿ ಸೈಕಲ್ ತುಳಿದರು, ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಜೋಡಿ. ಗಾಸ್ಪಾರ್‌ಗೆ ಮುಂದಿನ ಊರು ಯಾವಾಗ ಬಂದೀತು ಅಂತ ಆತುರ. ಫಿರ್ಮಾಂಗೆ ದಾರಿಯಲ್ಲಿ ಒಂದು ಹಳೇ ಕಲ್ಲು ಕಂಡರೆ ಸಾಕು, ಇಳಿದುಬಿಡುವನು. ಉಳಿಯ ಗುರುತು ಸವರಿ ನೋಡುವನು, ಪಕ್ಕದಲ್ಲಿ ಫಲಕ ಇದ್ದರೆ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವನು. ಗಾಸ್ಪಾರ್ ಮುಂದೆ ಹೋಗಿ ಒಂದು ಕಾಲೂರಿ ನಿಂತು ಕೂಗುತ್ತಿದ್ದದ್ದು ಯಾವಾಗಲೂ ಒಂದೇ ಮಾತು.

"ಬೇಗ ನಡಿಯೋ ಮಾರಾಯ, ಕಲ್ಲು ಎಲ್ಲಿಗೂ ಓಡಿಹೋಗಲ್ಲ."

ಫಿರ್ಮಾಂಗೆ ಒಂದು ಕಾಗದ ಕೊಟ್ಟರೆ ಸಂಜೆಯೊಳಗೆ ಅದು ಸುಣ್ಣ ಮೆತ್ತಿಕೊಂಡು ಎಲ್ಲೋ ಕಳೆದಿರುತ್ತಿತ್ತು. ಹಾಗಾಗಿ ಕಾರ್ಡು ಎರಡೂ ಗಾಸ್ಪಾರ್‌ನ ಚೀಲದಲ್ಲಿ. ಮೊದಲ ವರ್ಷದಿಂದ ಅದೇ ಪದ್ಧತಿ.

ಹದಿನೇಳು ವರ್ಷದ ಹಿಂದೆ, ಸೆಪ್ಟೆಂಬರ್ ಹನ್ನೆರಡನೇ ತಾರೀಕು, ರುವೆರ್ಗ್ ಪ್ರಾಂತದ ಆರನೇ ಊರು ಮೊಂತ್ರಿಯೊ ಒಂದೇ ಬಾಕಿ ಇತ್ತು. ಗುಡ್ಡದ ಬುಡದಲ್ಲಿ ಹಳ್ಳಿಯವರು ಬಟ್ಟೆ ಒಗೆಯುತ್ತಿದ್ದ ಹಳೇ ಕಲ್ಲಿನ ಚಾವಡಿಯ ಹತ್ತಿರ ಫಿರ್ಮಾಂನ ಚೈನು ತುಂಡಾಯಿತು. ಮೇಲಕ್ಕೆ ಐದು ಕಿಲೋಮೀಟರ್ ಕಡಿದಾದ ಏರು. ಗಂಟೆ ಹನ್ನೊಂದು ದಾಟಿತ್ತು. ಆ ದೇಶದಲ್ಲಿ ಮಧ್ಯಾಹ್ನ ಹನ್ನೆರಡು ಬಡಿದರೆ ಹಳ್ಳಿ ಅಂಗಡಿ ಬಾಗಿಲೆಳೆಯಿತು ಅಂತಲೇ ಲೆಕ್ಕ. ಮಹಾರಾಜ ಬಂದು ತಟ್ಟಿದರೂ ನಾಲ್ಕರವರೆಗೆ ತೆಗೆಯುವುದಿಲ್ಲ. ಇವರಿಗೆ ಕೆಳಗಿನ ಊರಿನಲ್ಲಿ ನಾಲ್ಕು ಗಂಟೆಯ ರೈಲು ಹಿಡಿಯಬೇಕಿತ್ತು. ಚೈನು ಸರಿಮಾಡಿಕೊಂಡು ಇಬ್ಬರೂ ಹತ್ತೋಣ, ರೈಲು ನಾಳೆಯೂ ಇದೆ, ಮೇಲಿನ ಚರ್ಚಿನ ಕಂಬಗಳನ್ನು ನಾನು ನೋಡಲೇಬೇಕು ಅಂತ ಫಿರ್ಮಾಂ ಅಂದ. ಗಾಸ್ಪಾರ್ ಕೇಳಲಿಲ್ಲ. ನೀನು ಚೈನು ನೋಡು, ನಾನು ಹೋಗಿಬರುತ್ತೇನೆ ಅಂತ ಹೇಳಿ ಒಂದೇ ಉಸಿರಿಗೆ ಹತ್ತಿದ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅಂಗಡಿಗೆ ನುಗ್ಗಿ ಎರಡು ಕಾರ್ಡಿಗೂ ಮೊಹರು ಹೊಡೆಸಿದ. ಚರ್ಚಿನ ಬಾಗಿಲು ತೆರೆದೇ ಇತ್ತು. ಆ ಕಡೆ ತಿರುಗಿಯೂ ನೋಡದೆ ಇಳಿದು ಬಂದ.

ತಾನು ಮಾಡಿದ್ದು ದೊಡ್ಡ ಉಪಕಾರ ಅಂತಲೇ ಅವನ ಎಣಿಕೆ. ಫಿರ್ಮಾಂ ಕೈ ಒರೆಸಿಕೊಂಡು ಕಾರ್ಡು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ನಾನು ಹತ್ತಿಲ್ಲ ಕಣೋ," ಅಂದ.

"ಒಂದು ರಟ್ಟಿನ ಚೂರಿಗೆ ಇಷ್ಟೆಲ್ಲಾ ಯಾಕೋ?" ಅಂದ ಗಾಸ್ಪಾರ್.

"ರಟ್ಟು ಹೋಗಿಬಂತು, ಸರಿ. ನಾನು ಹೋಗಿಲ್ವಲ್ಲ. ಇದು ನಿನ್ನ ಚೀಲದಲ್ಲೇ ಇರಲಿ. ನಾನು ಹತ್ತಿದ ದಿನ ಕೇಳ್ತೀನಿ."

ಇಷ್ಟಕ್ಕೇ ಮುಗಿದಿದ್ದರೆ ಮುಂದಿನ ವರ್ಷ ಇಬ್ಬರೂ ಬಂದು ಹತ್ತಿಬಿಡುತ್ತಿದ್ದರು, ಕಥೆ ಇರುತ್ತಿರಲಿಲ್ಲ. ಆದರೆ ನವೆಂಬರ್‌ನಲ್ಲಿ ಸಂಘದ ಊಟವಾಯಿತು. ಬಾತುಕೋಳಿ, ಕಪ್ಪು ವೈನು, ಮೂವತ್ತು ಜನ. ಗಾಸ್ಪಾರ್‌ಗೆ ಎರಡು ಲೋಟ ಇಳಿದರೆ ನಾಲಿಗೆಗೆ ಎಲುಬಿರುವುದಿಲ್ಲ. ಎದ್ದು ನಿಂತು ಮೊಂತ್ರಿಯೊ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದ. ಕೊನೆಗೆ ಹೇಳಿದ್ದು ಇದು: "ನಮ್ಮ ಫಿರ್ಮಾಂ ಸತ್ತರೂ ಸ್ವರ್ಗದೊಳಕ್ಕೆ ಹೋಗಲ್ಲ ಕಣ್ರಪ್ಪ. ಬಾಗಿಲಲ್ಲೇ ನಿಂತು, ಮೊದಲು ನನ್ನ ಕಾರ್ಡಿನ ಮೊಹರು ತಿದ್ದಿಕೊಡಿ ಅಂತ ಬಾಗಿಲು ಕಾಯೋ ಸಂತ ಪೇತ್ರನ ಜೊತೆ ಜಗಳ ಆಡ್ತಾನೆ." ಮೂವತ್ತು ಜನ ಮೇಜು ತಟ್ಟಿ ನಕ್ಕರು. ಫಿರ್ಮಾಂ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಊಟ ಮಾಡಿ, ಕರವಸ್ತ್ರ ಮಡಚಿಟ್ಟು, ಕೋಟು ತೊಟ್ಟು ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಭಾನುವಾರ ಅವನು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಬೇಸಿಗೆಯಲ್ಲಿ ಮಿಯೋ ಪಟ್ಟಣದ ತಂಗಿಯ ಮನೆಗೆ ಹೋಗಿ ಅಲ್ಲೇ ನೆಲೆಸಿದ ಅಂತ ಗೊತ್ತಾಯಿತು. ಕಾರ್ಡು ಬೇಕಾದರೆ ಅವನೇ ಕೇಳಲಿ, ಕೇಳುತ್ತೇನೆ ಅಂದವನು ಅವನೇ ತಾನೆ ಅಂತ ಗಾಸ್ಪಾರ್ ಬಿಗಿದುಕೊಂಡು ಕೂತ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಗೆ ಕೂತು ಹದಿನೇಳು ವರ್ಷ ಕಳೆಯಿತು. ಸಂಘದಲ್ಲಿ ಕೆಲವರು ಸತ್ತರು, ಕೆಲವರು ಮೊಮ್ಮಕ್ಕಳಿದ್ದ ಕಡೆ ಹೋದರು. ಭಾನುವಾರ ಗಾಸ್ಪಾರ್ ಒಬ್ಬನೇ ಸೈಕಲ್ ಹೊರಗೆ ತೆಗೆಯುತ್ತಿದ್ದ. ನಗಿಸಬೇಕು ಅಂದರೂ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಕಪ್ಪು ಅಂಚಿನ ಕಾಗದ ಬಂತು, ಮಣ್ಣಾಗಿ ನಾಲ್ಕು ದಿನದ ಮೇಲೆ. ಜುಲೈನಲ್ಲಿ ತಂಗಿ ಜೆರ್ಮೇನ್ ಇನ್ನೊಂದು ಕಾಗದ ಬರೆದಳು. ನವೆಂಬರ್ ಒಂದಕ್ಕೆ, ಸತ್ತವರ ಹಬ್ಬದ ದಿನ, ಅಣ್ಣನ ಸಮಾಧಿಗೆ ಕಲ್ಲು ಕೂರಿಸುತ್ತಿದ್ದೇವೆ. ಅವನ ಸೈಕಲ್ ಕಾರ್ಡು ನಿಮ್ಮ ಹತ್ತಿರ ಇದೆ ಅಂತ ಹೇಳುತ್ತಿದ್ದ. ನೀವು ಎಸೆದಿಲ್ಲ ಅಂತಾದರೆ ಕಳಿಸಿಕೊಡಿ, ಕಲ್ಲಿನ ಕೆಳಗೆ ಇಡುತ್ತೇನೆ.

ಗಾಸ್ಪಾರ್ ಗೂಟದಿಂದ ಚೀಲ ಇಳಿಸಿ ಕಾರ್ಡು ತೆಗೆದು ನೋಡಿದ. ಐದು ಮನೆ ಸರಿ. ಆರನೆಯದರಲ್ಲಿ ತಾನು ಹೊಡೆಸಿದ ಸುಳ್ಳು ಮೊಹರು. ಇದನ್ನು ಫಿರ್ಮಾಂನ ತಲೆಯ ಮೇಲೆ ಕಲ್ಲು ಮುಚ್ಚಿ ಇಡುವುದೇ? ಊಟದ ಮನೆಯಲ್ಲಿ ತಾನು ಮಾಡಿದ ತಮಾಷೆ ಹದಿನೇಳು ವರ್ಷ ಸುತ್ತಿಕೊಂಡು ಬಂದು ತನ್ನ ಮುಂದೆಯೇ ನಿಂತಿತ್ತು. ಎರಡು ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ತಪ್ಪು ಮೊಹರು ಬಿದ್ದರೆ ಎರಡು ಗೆರೆ ಎಳೆದು, ಮೊಹರು ಹಾಕಿದ ಜಾಗದವರೇ ರುಜು ಮಾಡಿ ರದ್ದು ಮಾಡಬೇಕು. ಅಂಚೆ ಕಚೇರಿಯಲ್ಲಿ ಕಲಿತ ನಿಯಮ ಅದು. ಅದೇ ಅಂಗಡಿಗೆ, ಸೈಕಲ್ಲಿನಲ್ಲೇ, ಅದೇ ತಾರೀಕಿಗೆ ಹೋಗಿ ರದ್ದು ಮಾಡಿಸಿ, ಒಂದು ಮನೆ ಖಾಲಿಯಾದರೂ ಚೊಕ್ಕವಾದ ಕಾರ್ಡನ್ನು ಜೆರ್ಮೇನಳಿಗೆ ತಲುಪಿಸುವುದು ಅಂತ ತೀರ್ಮಾನ ಮಾಡಿದ. ಇನ್ನೇನೂ ಮಾಡುವಂತಿರಲಿಲ್ಲ.

ಮೊದಲ ದಿನ ಲೋ ನದಿಯ ದಂಡೆಯಲ್ಲೇ ಹೋದ. ನೀರಿನ ಮೇಲೆ ಬಂಡೆ, ಬಂಡೆಯ ಮೇಲೆ ಊರು, ಊರಿನ ಮೇಲೆ ಕೋಟೆಯ ಮುರುಕು ಗೋಡೆ. ಪ್ರವಾಸಿಗಳು ಸೇತುವೆ ಮೇಲೆ ಜೋಡಿ ಜೋಡಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ಜೋಡಿ ಇವನ ಕೈಗೆ ಕ್ಯಾಮೆರಾ ಕೊಟ್ಟು ತೆಗೆಸಿಕೊಂಡಿತು. ನಿಮ್ಮದೂ ಒಂದು ತೆಗೆಯಲಾ ಅಂತ ಆ ಹುಡುಗಿ ಕೇಳಿದಳು. ಒಬ್ಬನದು ಏನು ತೆಗೀತೀಯಮ್ಮ ಅಂತ ನಕ್ಕು ಮುಂದೆ ನಡೆದ. ಸಂಜೆ ತಂಗಿದ ಹೋಟೆಲಿನಲ್ಲಿ ಒಬ್ಬರೇನಾ ಅಂತ ಕೇಳಿದರು. ಎರಡನೇ ಸಂಜೆಯ ಹೋಟೆಲಿನಲ್ಲೂ ಅದನ್ನೇ ಕೇಳಿದರು. ಎದುರಿನ ತಟ್ಟೆ, ಚಮಚ, ಲೋಟ ಎತ್ತಿಕೊಂಡು ಹೋದರು. ಆ ಎತ್ತಿಕೊಂಡು ಹೋಗುವ ಸದ್ದು ಗಾಸ್ಪಾರ್‌ಗೆ ಯಾವತ್ತೂ ಅಭ್ಯಾಸವಾಗಲಿಲ್ಲ. ಸೂಪು ಚೆನ್ನಾಗಿತ್ತು, ಚೆನ್ನಾಗಿದೆ ಅಂತ ಹೇಳಲು ಎದುರಿಗೆ ಯಾರೂ ಇರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹತ್ತೂವರೆಗೆ ಒಗೆಯುವ ಚಾವಡಿಯ ಹತ್ತಿರ ಬಂದ. ಕಲ್ಲಿನ ಅಂಚಿನ ಮೇಲೆ ಪಾಚಿ, ತೊಟ್ಟಿಯಲ್ಲಿ ಎಲೆ. ಫಿರ್ಮಾಂ ಚೈನು ಹಿಡಿದು ಕೂತಿದ್ದ ಮೂಲೆ ಹಾಗೇ ಇತ್ತು. ಹನ್ನೆರಡರೊಳಗೆ ಅಂಗಡಿ ಮುಟ್ಟಬೇಕು ಅಂತ ತುಳಿಯಲು ಶುರು ಮಾಡಿದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರೆ. ಈ ಬೆಟ್ಟ ಹತ್ತಿರದಿಂದಲೂ ನುಣ್ಣಗೇ ಕಾಣುತ್ತಿತ್ತು, ಕಾಲಿಗೆ ಮಾತ್ರ ಗೊತ್ತಾಗುತ್ತಿತ್ತು. ಹದಿನೇಳು ವರ್ಷದ ಹಿಂದೆ ಅರ್ಧ ಗಂಟೆಯಲ್ಲಿ ಹತ್ತಿದ್ದನ್ನು ಈಗ ಗಂಟೆಯಾದರೂ ಮುಗಿಸಲಾಗಲಿಲ್ಲ. ಎರಡು ಕಡೆ ಇಳಿದು ತಳ್ಳಿದ. ಮೇಲೆ ಚೌಕಕ್ಕೆ ಬಂದಾಗ ಚರ್ಚಿನ ಗಡಿಯಾರದಲ್ಲಿ ಹನ್ನೆರಡು ಹತ್ತು. ಅಂಗಡಿಯ ಬಾಗಿಲಿಗೆ ಚೀಟಿ ತೂಗಾಡುತ್ತಿತ್ತು. ನಾಲ್ಕಕ್ಕೆ ತೆರೆಯುತ್ತೇವೆ.

ಗಾಸ್ಪಾರ್ ತನಗೆ ತಾನೇ ಬೈದುಕೊಂಡ. ಚೆಸ್ಟ್‌ನಟ್ ಮರದ ಕೆಳಗೆ ಅಂಗಡಿಯವರು ಇಟ್ಟಿದ್ದ ಎರಡು ಮೇಜಿನಲ್ಲಿ ಒಂದಕ್ಕೆ ಕೂತು ಬ್ರೆಡ್ಡೂ ಚೀಸೂ ತಿಂದ. ಚೌಕದಲ್ಲಿ ನರಪಿಳ್ಳೆ ಇರಲಿಲ್ಲ. ಒಂದು ಗಂಟೆ ಹೇಗೋ ಕಳೆಯಿತು. ಇನ್ನು ಮೂರು ಗಂಟೆ ಏನು ಮಾಡುವುದು ಅಂತ, ಬೇರೆ ದಾರಿ ಕಾಣದೆ, ಚರ್ಚಿನೊಳಗೆ ಹೋದ.

ಒಳಗೆ ತಂಪು. ಕುಳ್ಳ ಕಂಬಗಳು, ಒಂದೊಂದರ ತುದಿಯ ಬೋದಿಗೆಯಲ್ಲೂ ಒಂದೊಂದು ಕೆತ್ತನೆ. ಬಾಲ ಕಚ್ಚಿಕೊಂಡ ಹಾವು, ಪಿಟೀಲು ಬಾರಿಸುವ ಕತ್ತೆ, ತಲೆಮೇಲೆ ಪೀಪಾಯಿ ಹೊತ್ತ ಒಬ್ಬ ಕುಳ್ಳ. ಕತ್ತೆಯನ್ನು ನೋಡಿ ಗಾಸ್ಪಾರ್‌ಗೆ ನಗು ಬಂತು. ಇದನ್ನು ಫಿರ್ಮಾಂಗೆ ತೋರಿಸಿದ್ದರೆ ಆ ಕತ್ತೆ ಯಾವ ಊರಿನ ಕೆತ್ತನೆಯವನದು ಅಂತ ಅರ್ಧ ಗಂಟೆ ಹೇಳುತ್ತಿದ್ದ. ಆವತ್ತು ತೆರೆದ ಬಾಗಿಲ ಮುಂದೆಯೇ ಓಡಿದೆನಲ್ಲಾ ಅಂತ ಮೊದಲ ಸಲ ಅವನಿಗೆ ನಾಚಿಕೆಯಾಯಿತು.

ಬಾಗಿಲ ಹತ್ತಿರ ಸಣ್ಣ ಮೇಜು, ಅದರ ಮೇಲೆ ಬಂದುಹೋದವರು ಹೆಸರು ಬರೆಯುವ ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ನು. ಹೊತ್ತು ಹೋಗಬೇಕಲ್ಲ, ಹಾಳೆ ತಿರುವಿದ. ತುಂಬಾ ಸುಂದರ, ತುಂಬಾ ಶಾಂತ, ನಮ್ಮ ಮಗಳಿಗೆ ಪರೀಕ್ಷೆಯಲ್ಲಿ ಒಳ್ಳೆಯದಾಗಲಿ, ಹೀಗೇ. ತಿರುವುತ್ತಾ ತಿರುವುತ್ತಾ ಒಂದು ಹಾಳೆಯಲ್ಲಿ ಅವನ ಕೈ ನಿಂತಿತು. ಕಲ್ಲಿನ ಮೇಲೆ ಕೊರೆದ ಹಾಗೆ ನೆಟ್ಟಗೆ ನಿಂತ ದೊಡ್ಡ ಅಕ್ಷರ. ಆ ಅಕ್ಷರವನ್ನು ಅವನು ಕುರುಡನಾಗಿದ್ದರೂ ಗುರುತು ಹಿಡಿಯುತ್ತಿದ್ದ.

"ಸೆಪ್ಟೆಂಬರ್ ಹನ್ನೆರಡು. ಸೈಕಲ್ಲಿನಲ್ಲಿ. ಒಬ್ಬನೇ. ಫಿ. ಲಾಬೋರಿ."

ಎರಡು ವರ್ಷದ ಹಿಂದಿನದು. ಗಾಸ್ಪಾರ್ ಹಿಂದಕ್ಕೆ ತಿರುವಿದ. ಅದರ ಹಿಂದಿನ ವರ್ಷ, ಸೆಪ್ಟೆಂಬರ್ ಹನ್ನೆರಡು, ಸೈಕಲ್ಲಿನಲ್ಲಿ, ಒಬ್ಬನೇ. ಅದರ ಹಿಂದಿನ ವರ್ಷವೂ. ಆ ಸಲ ಕೆಳಗೆ ಇನ್ನೊಂದು ಸಾಲಿತ್ತು: ಮೂರನೇ ಕಂಬಕ್ಕೆ ಸಿಮೆಂಟ್ ಮೆತ್ತಿದ್ದಾರೆ, ಸುಣ್ಣದ ಗಾರೆ ಹಾಕಬೇಕಿತ್ತು. ಪುಸ್ತಕ ಶುರುವಾಗಿದ್ದು ಆರು ವರ್ಷದ ಹಿಂದೆ. ನಾಲ್ಕು ಸಲ ಅದೇ ಕೈ.

ಗಾಸ್ಪಾರ್ ಕೊನೆಯ ಬೆಂಚಿನಲ್ಲಿ ಕೂತ. ಮೊದಲು ಸಂತೋಷವೇ ಆಯಿತು. ಹತ್ತಿದ್ದಾನೆ ನನ್ನ ಮಗ, ಹತ್ತಿದ್ದಾನೆ. ಆಮೇಲೆ ಸಿಟ್ಟು ಬಂತು. ಹತ್ತಿದ ದಿನ ಕೇಳ್ತೀನಿ ಅಂದವನು, ಹತ್ತಿ ಯಾಕೆ ಕೇಳಲಿಲ್ಲ? ಒಂದು ಕಾಗದ ಬರೆದಿದ್ದರೆ ಕೈ ಸವೆಯುತ್ತಿತ್ತೇ? ನನ್ನ ಮೇಲೆ ಅಷ್ಟೂ ಹಟವೇ? ಮೊಂಡ, ಹುಟ್ಟಾ ಮೊಂಡ ಅಂತ ದೇವರ ಮನೆಯಲ್ಲಿ ಕೂತೇ ಸತ್ತವನನ್ನು ಬೈದ. ಬೈದು ಬೈದು ಸುಸ್ತಾದ ಮೇಲೆ ಮತ್ತೆ ಎದ್ದು ಹೋಗಿ, ಆ ನಾಲ್ಕು ಹಾಳೆಯನ್ನೂ ಇನ್ನೊಮ್ಮೆ ನೋಡಿದ.

ನಾಲ್ಕು ಬಡಿಯುವಾಗ ಅಂಗಡಿಯ ಬಾಗಿಲು ತೆರೆಯಿತು. ಐವತ್ತೈದರ ಆಸುಪಾಸಿನ ಹೆಂಗಸು, ಮಿರೇಯ್ ಅಂತ ಹೆಸರು. ಹದಿಮೂರು ವರ್ಷದ ಹಿಂದೆ ಹಳೇ ಯಜಮಾನಿಯಿಂದ ಅಂಗಡಿ ಕೊಂಡವಳು. ಬ್ರೆಡ್ಡು, ಪತ್ರಿಕೆ, ಶರಬತ್ತು ಎಲ್ಲ ಅವಳಲ್ಲೇ. ಗಾಸ್ಪಾರ್ ಒಳಗೆ ಹೋಗಿ ಪುದೀನಾ ಶರಬತ್ತು ಕೇಳಿ ಬಂದು ಮೇಜಿಗೆ ಕೂತ. ಸೈಕಲ್ಲನ್ನು ಮರಕ್ಕೆ ಒರಗಿಸಿದ್ದ. ಅವಳು ಲೋಟ ತಂದವಳು ಮೇಜಿನ ಮೇಲೆ ಇಡಲಿಲ್ಲ. ಸೈಕಲ್ಲನ್ನೇ ನೋಡುತ್ತಾ ನಿಂತಳು. ಹಸಿರು ಕ್ಯಾನ್ವಾಸು, ತೊಗಲಿನ ಪಟ್ಟಿ, ಹಳದಿ ಹುಂಜ.

"ಚೀಲದವರು ನೀವೇನಾ?" ಅಂದಳು.

ಗಾಸ್ಪಾರ್‌ಗೆ ಅರ್ಥವಾಗಲಿಲ್ಲ. ಅವಳು ಲೋಟ ಇಟ್ಟು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಪ್ರತಿ ವರ್ಷ ಇದೇ ದಿನ ಮಿಯೋ ಕಡೆಯಿಂದ ಒಬ್ಬರು ಸೈಕಲ್ಲಿನಲ್ಲಿ ಬರುತ್ತಿದ್ದರು, ಕಲ್ಲುಕೆಲಸದವರು, ದಪ್ಪ ಬೆರಳು, ಮಾತು ಕಡಿಮೆ, ಅಂತ ಶುರು ಮಾಡಿದಳು. ಚರ್ಚು ನೋಡಿ ಬಂದು ಇದೇ ಮೇಜಿಗೆ ಕೂರುವರು. ಗುಡ್ಡ ಹತ್ತಿ ಬರುವ ಸೈಕಲ್ಲಿನವರು ಮೊಹರು ಕೇಳುವುದು ಅವಳಿಗೆ ಗೊತ್ತಿದ್ದದ್ದೇ. ಇವರು ಕೇಳುತ್ತಿರಲಿಲ್ಲ, ಅವಳೇ ಕೇಳುವಳು.

"ಮೊಹರು ಹಾಕಿಕೊಡಲಾ ಅಂದ್ರೆ, ಬೇಡಮ್ಮಾ, ಕಾರ್ಡು ನನ್ನ ಜೊತೆಗಾರನ ಚೀಲದಲ್ಲಿದೆ, ಅವನು ಹಿಂದೆ ಬರ್ತಿದ್ದಾನೆ, ಬಂದ್ಮೇಲೆ ಇಬ್ಬರದೂ ಒಟ್ಟಿಗೆ ಹಾಕಿಬಿಡು ಅನ್ನೋರು. ಮೊದಲ್ನೇ ವರ್ಷ ನಾನು ನಿಜ ಅಂದ್ಕೊಂಡು ಎರಡು ಲೋಟ ತಂದಿಟ್ಟೆ, ಯಜಮಾನರೇ. ಹಸಿರು ಚೀಲ, ಮೇಲೊಂದು ಹಳದಿ ಹುಂಜ ಇರುತ್ತೆ, ಕಂಡ್ರೆ ಕೂಗು ಅಂತ ನನಗೂ ಹೇಳಿದ್ರು. ಸಂಜೆ ತನಕ ಆ ಏರಿನ ಕಡೆ ನೋಡ್ಕೊಂಡು ಕೂತಿದ್ರು. ಆಮೇಲೆ ಎರಡು ಲೋಟಕ್ಕೂ ದುಡ್ಡು ಕೊಟ್ಟು ಹೋದ್ರು."

"ಎಷ್ಟು ಸಲ ಬಂದ?" ಅಂತ ಕೇಳಿದ ಗಾಸ್ಪಾರ್.

"ನಾನು ಕಂಡಂಗೆ ಹನ್ನೊಂದು. ಹೋದ ವರ್ಷ ಬರಲಿಲ್ಲ. ಹುಷಾರಿಲ್ವಾ?"

ಸತ್ತುಹೋದ ಅಂತ ಹೇಳಿದ. ಅವಳು ಎದೆ ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿದಳು. ನಾನೂ ಒಂದು ಸಲ ತಡೆಯಲಾರದೆ ಕೇಳಿದ್ದೆ ಅಂದಳು, ನೀವು ಹೀಗೆ ಬರೋದು ನಿಮ್ಮ ಜೊತೆಗಾರರಿಗೇನು ಕನಸು ಬೀಳುತ್ತಾ, ಒಂದು ಕಾಗದ ಹಾಕಬಾರದಾ ಅಂತ.

"ಅದಕ್ಕೆ ಏನಂದ್ರು ಗೊತ್ತಾ? ನಲವತ್ತು ವರ್ಷ ಅಂಚೆ ಕಚೇರೀಲಿ ಕೂತವನು ಅವನು, ಕಾಗದ ಹಾಕೋದನ್ನ ಅವನಿಗೆ ನಾನು ಹೇಳಿಕೊಡಬೇಕಾ ಅಂದ್ರು. ನಗ್ತಾನೇ ಅಂದ್ರು."

ಗಾಸ್ಪಾರ್‌ಗೆ ಅಳು ಬಂತು. ತಡೆಯಲು ನೋಡಿದ, ಆಗಲಿಲ್ಲ; ಎಪ್ಪತ್ತಮೂರು ವರ್ಷದ ಮನುಷ್ಯ ಚೌಕದ ನಡುವೆ, ಪರಿಚಯವಿಲ್ಲದ ಹೆಂಗಸಿನ ಮುಂದೆ, ಬಿಕ್ಕಿ ಬಿಕ್ಕಿ ಅತ್ತ. ಹನ್ನೊಂದು ಸಲ ಒಬ್ಬ ಇಲ್ಲಿ ಕೂತು ದಾರಿ ಕಾದಿದ್ದಾನೆ, ಹನ್ನೊಂದು ಸಲವೂ ಚೀಲ ಕಾಓರ್‌ನ ಗೋಡೆಯ ಗೂಟಕ್ಕೆ ತೂಗಾಡುತ್ತಿತ್ತು. ಆ ದಿನಗಳಲ್ಲಿ ತಾನು ಏನು ಮಾಡುತ್ತಿದ್ದೆ ಅಂತ ಒಂದಾದರೂ ನೆನಪಿಗೆ ಬರಲಿಲ್ಲ. ಏನೂ ಮಾಡುತ್ತಿರಲಿಲ್ಲ, ಅದೇ ನಿಜ. ಕಿಟಕಿಯಲ್ಲಿ ಕೂತು, ಅವನೇ ಕೇಳಲಿ ಅಂತಿದ್ದ.

ಮಿರೇಯ್ ಎದ್ದುಹೋಗಿ ಒದ್ದೆ ಬಟ್ಟೆ ತಂದುಕೊಟ್ಟಳು. ಮುಖ ಒರೆಸಿಕೊಂಡ ಮೇಲೆ ಗಾಸ್ಪಾರ್ ಚೀಲದಿಂದ ಮೇಣದ ಬಟ್ಟೆ ತೆಗೆದು ಎರಡು ಕಾರ್ಡನ್ನೂ ಮೇಜಿನ ಮೇಲಿಟ್ಟ. ನಡೆದದ್ದನ್ನು ಹೇಳಿದ, ಊಟದ ಮನೆಯ ಮಾತನ್ನೂ ಬಿಡದೆ ಹೇಳಿದ. ತಾನು ಬಂದದ್ದು ಈ ಮೊಹರು ರದ್ದು ಮಾಡಿಸಲು ಅಂದ. ಅವಳು ಪೆನ್ನು ತಂದಳು. ಗಾಸ್ಪಾರ್ ಕಿಟಕಿಯ ಹಿಂದೆ ಸಾವಿರ ಸಲ ಮಾಡಿದ ಹಾಗೆ ಮೊಹರಿನ ಮೇಲೆ ಓರೆಯಾಗಿ ಎರಡು ಗೆರೆ ಎಳೆದ, ಅವಳು ಪಕ್ಕದಲ್ಲಿ ರುಜು ಹಾಕಿದಳು. ಬಂದ ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ಅವಳು ಒಳಗೆ ಹೋಗಿ ಅಂಗಡಿಯ ಮೊಹರೂ ಶಾಯಿಯ ಡಬ್ಬಿಯೂ ಹಿಡಿದುಕೊಂಡು ಬಂದಳು. ಈಗ ನಿಜವಾದದ್ದನ್ನು ಹಾಕುತ್ತೇನೆ ಅಂದಳು. ಗಾಸ್ಪಾರ್ ಕಾರ್ಡಿನ ಮೇಲೆ ಅಂಗೈ ಇಟ್ಟ. ನಿಯಮ ಹಾಗಿಲ್ಲ ತಾಯಿ ಅಂದ. ಮನುಷ್ಯ ಎದುರಿಗೆ ನಿಂತು, ತನ್ನ ಕಾರ್ಡು ತಾನೇ ಕೊಟ್ಟು ಹೊಡೆಸಬೇಕು. ಒಮ್ಮೆ ಅವನ ಹೆಸರಲ್ಲಿ ಸುಳ್ಳು ಹೊಡೆಸಿದ್ದೇ ಸಾಕು, ಇನ್ನೊಮ್ಮೆ ಬೇಡ.

"ಹನ್ನೊಂದು ಸಲ ನನ್ನ ಎದುರಿಗೇ ಕೂತಿದ್ರು," ಅಂದಳು ಮಿರೇಯ್. "ಈ ಕಣ್ಣಿಂದ ನೋಡಿದೀನಿ. ಮನುಷ್ಯ ಬಂದಿದ್ದು ಲೆಕ್ಕವೋ, ರಟ್ಟು ಬಂದಿದ್ದು ಲೆಕ್ಕವೋ, ನೀವೇ ಹೇಳಿ."

ಗಾಸ್ಪಾರ್ ಲೆಕ್ಕ ಹಾಕಿ ನೋಡಿದ. ಆವತ್ತು ರಟ್ಟು ಬಂದಿತ್ತು, ಮನುಷ್ಯ ಬಂದಿರಲಿಲ್ಲ. ಆಮೇಲೆ ಹನ್ನೊಂದು ಸಲ ಮನುಷ್ಯ ಬಂದ, ರಟ್ಟು ಬರಲಿಲ್ಲ. ರಟ್ಟು ಬರದಂತೆ ಹಿಡಿದು ಕೂತಿದ್ದವನು ಯಾರು ಅಂತ ಬೇರೆ ಹೇಳಬೇಕಿರಲಿಲ್ಲ. ಅವನು ಅಂಗೈ ತೆಗೆದ. ತಾರೀಕು ಮಾತ್ರ ಇವತ್ತಿನದು ಬೇಡ, ಅವನು ಬಂದ ದಿನದ್ದೇ ಇರಲಿ, ಚರ್ಚಿನ ಪುಸ್ತಕದಲ್ಲಿ ಅವನ ಕೈಯಲ್ಲೇ ಬರೆದಿದೆ ಅಂದ. ಮಿರೇಯ್ ಮೊಹರಿನ ಮೇಲೆ ಉಸಿರು ಬಿಟ್ಟು, ಕಾರ್ಡಿನ ಅಂಚಿನಲ್ಲಿ ಒತ್ತಿದಳು. ಕೆಳಗೆ ಸೆಪ್ಟೆಂಬರ್ ಹನ್ನೆರಡು ಅಂತ ಬರೆದು, ಎರಡು ವರ್ಷದ ಹಿಂದಿನ ಇಸವಿ ಬರೆದಳು.

ನಿಮ್ಮದಕ್ಕೂ ಇವತ್ತಿನದೊಂದು ಹಾಕಲೇ ಅಂತ ಕೇಳಿದಳು. ನನ್ನದು ಆಗಿದೆ ತಾಯಿ, ನನ್ನದು ಆವತ್ತೇ ಆಗಿಹೋಯಿತು ಅಂದ.

ಶಾಯಿ ಒಣಗಲಿ ಅಂತ ಎರಡು ಕಾರ್ಡೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿದ್ದವು. ಅದೇ ಅಂಗಡಿ, ಅದೇ ಊರು, ಅದೇ ಸೆಪ್ಟೆಂಬರ್ ಹನ್ನೆರಡು. ಈಗ ಎರಡೂ ಸತ್ಯ. ಇಸವಿ ಮಾತ್ರ ಬೇರೆ ಬೇರೆ. ಇಬ್ಬರೂ ಈ ಗುಡ್ಡ ಹತ್ತಿದ್ದಾರೆ, ಇದೇ ಮರದ ಕೆಳಗೆ ನಿಂತಿದ್ದಾರೆ, ಒಂದು ದಿನವೂ ಒಟ್ಟಿಗೆ ನಿಲ್ಲಲಿಲ್ಲ. ಆ ಒಂದು ಮೊಹರು ಇನ್ನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಅನ್ನುವುದು ಗಾಸ್ಪಾರ್‌ಗೆ ಗೊತ್ತಾಯಿತು.

ಕಾರ್ಡನ್ನು ಅಂಚೆಯಲ್ಲಿ ಕಳಿಸಿಬಿಡಿ, ಮಿಯೋ ಇನ್ನೂ ನಲವತ್ತು ಕಿಲೋಮೀಟರ್ ಇದೆ ಅಂತ ಮಿರೇಯ್ ಹೇಳಿದಳು. ನಲವತ್ತು ವರ್ಷ ಅಂಚೆಯ ಅನ್ನ ತಿಂದವನು ಅಂಚೆಯನ್ನು ನಂಬಲಿಲ್ಲ. ಜೆರ್ಮೇನಳ ಕೈಗೆ ತಾನೇ ಕೊಡಬೇಕು. ಅವರು ಯಾವ ದಾರಿಯಲ್ಲಿ ಬರುತ್ತಿದ್ದರು ಅಂತ ಕೇಳಿದ. ಅವಳು ಗುಡ್ಡದ ಆ ಮಗ್ಗುಲಿಗೆ ಇಳಿಯುವ ಕಿರುದಾರಿ ತೋರಿಸಿದಳು. ಶರಬತ್ತಿಗೆ ದುಡ್ಡು ಕೊಡುವಾಗ ಗಾಸ್ಪಾರ್ ಎರಡು ಲೋಟದ್ದು ಎಣಿಸಿ ಇಟ್ಟ. ಅವಳು ಎರಡರದ್ದೂ ತೆಗೆದುಕೊಂಡಳು.

ಆ ಮಗ್ಗುಲನ್ನು ಅವನು ಯಾವತ್ತೂ ನೋಡಿರಲಿಲ್ಲ. ಇಳಿಜಾರು ಶುರುವಾಗುವ ತಿರುವಿನಲ್ಲೇ ಒಂದು ಹಳೇ ಕಲ್ಲಿನ ಶಿಲುಬೆ, ಪಕ್ಕದಲ್ಲಿ ತುಕ್ಕು ಹಿಡಿದ ಫಲಕ. ಸೈಕಲ್ ತಾನೇ ತಾನಾಗಿ ಓಡಲು ಹೊರಟಿತ್ತು. ಗಾಸ್ಪಾರ್ ಬ್ರೇಕು ಹಿಡಿದು ಇಳಿದ. ಕಲ್ಲಿನ ಮೇಲೆ ಉಳಿಯ ಗುರುತಿತ್ತು. ಬೆರಳಿನಿಂದ ಸವರಿ ನೋಡಿದ. ಆಮೇಲೆ ಕನ್ನಡಕ ಹಾಕಿಕೊಂಡು ಫಲಕವನ್ನು ಮೊದಲ ಅಕ್ಷರದಿಂದ ಓದಿದ. ಅರ್ಧಕ್ಕೆ ಬಂದವನು ಒಂದು ಸಲ ನಿಲ್ಲಿಸಿ, ಮುಂದಿನ ದಾರಿಯ ಕಡೆ ಕಿವಿಗೊಟ್ಟ. ಬೇಗ ನಡಿ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಉಳಿದದ್ದನ್ನೂ ಓದಿದ.